ಗುಲಗಂಜಿಯಷ್ಟಿರುವಾಗಲೇ ಕಂಡುಬಿಟ್ಟರೆ...

ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಊಟಕ್ಕೆ ಕೂರುವವರು ಯಾರು? ನೀವೇ ತಾನೆ? ಮಕ್ಕಳದ್ದು ಆಗಬೇಕು, ಯಜಮಾನರದ್ದು ಆಗಬೇಕು, ಅತ್ತೆ ಮಾವನಿಗೆ ಬಿಸಿಬಿಸಿಯಾಗಿ ಬಡಿಸಿ ಆಗಬೇಕು. ಆಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ತಟ್ಟೆಗೆ ಸುರಿದುಕೊಂಡು, ಒಂದು ಕಣ್ಣು ಸೀರಿಯಲ್ ಮೇಲಿಟ್ಟು ನಾಲ್ಕು ತುತ್ತು. ನೀವು ಎಷ್ಟು ತಿಂದಿರಿ, ಏನು ಬಿಟ್ಟಿರಿ, ಯಾವ ತುತ್ತಿಗೆ ನೀರು ಕುಡಿದು ಇಳಿಸಿದಿರಿ ಅಂತ ನೋಡೋದಕ್ಕೆ ಆ ಹೊತ್ತಿಗೆ ಅಡುಗೆಮನೆಯಲ್ಲಿ ಯಾರೂ ಇರೋದಿಲ್ಲ.

ಟಿ. ನರಸೀಪುರದಲ್ಲಿದ್ದ ನನ್ನ ಚಿಕ್ಕಮ್ಮನ ಕಾಯಿಲೆ ಶುರುವಾದದ್ದೂ ಹೀಗೆ, ಯಾರೂ ನೋಡದ ಹೊತ್ತಿನಲ್ಲಿ. ರಾತ್ರಿ ಮುದ್ದೆ ಇಲ್ಲದಿದ್ದರೆ ನಿದ್ದೆ ಬರಲ್ಲ ಅನ್ನುತ್ತಿದ್ದವರು ಮೊದಲು ಮುದ್ದೆ ಬಿಟ್ಟರು. ಕೇಳಿದ್ದಕ್ಕೆ "ಎದೇಲಿ ಹಿಡ್ದಂಗಾಯ್ತದೆ ಕಣವ್ವ, ಒಸಿ ಗ್ಯಾಸು, ಅಷ್ಟೇಯ" ಅಂದರು. ಆಮೇಲೆ ಚಪಾತಿಯನ್ನು ಸಾರಿನಲ್ಲಿ ನೆನೆಸಿ ತಿನ್ನತೊಡಗಿದರು. ಆಮೇಲೆ ಅನ್ನವನ್ನು ಮಜ್ಜಿಗೆಯಲ್ಲಿ ಕಿವುಚಿ. ಕೊನೆಗೆ ಬರೀ ಗಂಜಿ. ಮುದ್ದೆಯಿಂದ ಗಂಜಿಗೆ ಬರಲು ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳೂ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಗ್ಯಾಸಿನ ಮಾತ್ರೆ ಬೆಳಗ್ಗೆ ಒಂದು, ರಾತ್ರಿ ಒಂದು. ಕೈಬಳೆ ಮೊಣಕೈವರೆಗೂ ಜಾರುತ್ತಿತ್ತು, ರವಿಕೆಯ ಬೆನ್ನಿಗೆ ಪಿನ್ನು ಬಂತು. "ಸಣ್ಣ ಆಗಿದೀರ, ಚೆನ್ನಾಗಿ ಕಾಣ್ತೀರ" ಅಂತ ಪಕ್ಕದ ಮನೆಯವರು ಹೊಗಳಿದ್ದೂ ಉಂಟು!

2018ರ ಗೌರಿ ಹಬ್ಬಕ್ಕೆ ಮೈಸೂರಿನಿಂದ ಮಗಳು ಬಂದಳು. ಒತ್ತಾಯ ಮಾಡಿ ಒಬ್ಬಟ್ಟಿನ ಒಂದು ಚೂರು ಬಾಯಿಗಿಟ್ಟಳು. ಚಿಕ್ಕಮ್ಮ ಬಚ್ಚಲಿಗೆ ಓಡಿದರು. ಮಾರನೇ ದಿನವೇ ಮೈಸೂರಿಗೆ ಕರೆದುಕೊಂಡು ಹೋಗಿ ಎಂಡೋಸ್ಕೋಪಿ ಮಾಡಿಸಿದಾಗ ಅನ್ನನಾಳದ ಮುಕ್ಕಾಲು ದಾರಿ ಮುಚ್ಚಿಹೋಗಿತ್ತು. ಕ್ಯಾನ್ಸರ್. ಕರೆಂಟು ಕೊಟ್ಟರು, ಔಷಧಿ ಹಾಕಿದರು, ಕೊನೆಕೊನೆಗೆ ಗಂಜಿಯಾದರೂ ಇಳಿಯಲಿ ಅಂತ ಒಳಗೆ ಒಂದು ಜಾಲರಿ ಕೊಳವೆ ಕೂರಿಸಿದರು. ಹದಿನಾಲ್ಕು ತಿಂಗಳು ಇದ್ದರು.

ಈಗ ಅದೇ ಮನೆಯ ಇನ್ನೊಬ್ಬರ ವಿಷಯ ಕೇಳಿ. ನಂಜನಗೂಡಿನಲ್ಲಿರುವ ಅವರ ವಾರಗಿತ್ತಿ. ಆಗ ವಯಸ್ಸು 54, ಮುಟ್ಟು ನಿಂತು ನಾಲ್ಕು ವರ್ಷ. ಸದಾ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ 8 ಇತ್ತು. ಕಬ್ಬಿಣದ ಮಾತ್ರೆ ತಿಂದರು, ಏರಿತು. ಬಿಟ್ಟರು, ಇಳಿಯಿತು. ಬೀಟ್‌ರೂಟು, ನುಗ್ಗೆಸೊಪ್ಪು, ಖರ್ಜೂರ ಯಾವುದನ್ನೂ ಬಾಕಿ ಉಳಿಸಲಿಲ್ಲ. ಕೊನೆಗೆ ಒಬ್ಬ ಡಾಕ್ಟರು ಒಂದೇ ಒಂದು ಪ್ರಶ್ನೆ ಕೇಳಿದರು: "ಮುಟ್ಟು ನಿಂತು ನಾಲ್ಕು ವರ್ಷ ಆಯ್ತು ಅಂತೀರಿ. ಹಾಗಾದ್ರೆ ರಕ್ತ ಹೋಗ್ತಿರೋದು ಎಲ್ಲಿಂದ?"

ಎಷ್ಟು ಸರಳ ಪ್ರಶ್ನೆ ನೋಡಿ! ಎರಡು ವರ್ಷ ಮನೆಮಂದಿ ಯಾರಿಗೂ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ.

ಎಂಡೋಸ್ಕೋಪಿಯಲ್ಲಿ ಜಠರದ ಹುಣ್ಣು ಸಿಕ್ಕಿತು. ಮಂಡಿನೋವಿಗೆ ಅಂತ ವರ್ಷಗಟ್ಟಲೆ ನುಂಗಿದ ನೋವಿನ ಮಾತ್ರೆಯ ಪ್ರಸಾದ ಅದು. ರಕ್ತ ಜಿನುಗುತ್ತಿದ್ದುದು ಅಲ್ಲಿಂದಲೇ. ಅಷ್ಟಕ್ಕೇ ಕೆಲಸ ಮುಗಿಯಿತು ಅಂತ ಆ ಡಾಕ್ಟರು ಕೊಳವೆಯನ್ನು ಸರ್ರನೆ ಎಳೆದುಬಿಡಬಹುದಿತ್ತು. ಆದರೆ ಈಕೆಗೆ ಮೂವತ್ತು ವರ್ಷದಿಂದ ಎಲೆ ಅಡಿಕೆ ಜೊತೆ ಕಡ್ಡಿಪುಡಿ ಹಾಕುವ ಅಭ್ಯಾಸ. ಅದನ್ನು ಕೇಳಿ ತಿಳಿದುಕೊಂಡಿದ್ದರಿಂದ ಅವರು ಅನ್ನನಾಳದ ಉದ್ದಕ್ಕೂ ನಿಧಾನವಾಗಿ ನೋಡುತ್ತಾ ಬಂದರಂತೆ. ಮಾಮೂಲಿ ಬೆಳಕಿನಲ್ಲಿ ಏನೂ ಕಾಣಲಿಲ್ಲ. ಹಿಡಿಯ ಮೇಲಿದ್ದ ಒಂದು ಗುಂಡಿ ಒತ್ತಿದರು. ಪರದೆಯೆಲ್ಲ ಹಸಿರು ನೀಲಿಗೆ ತಿರುಗಿತು, ನಡುವೆ ಒಂದು ಕಂದು ಮಚ್ಚೆ ಎದ್ದು ಕಾಣಿಸಿತು. ಗಾತ್ರ ಎಷ್ಟು ಅಂತೀರಿ? ಒಂದು ಗುಲಗಂಜಿಯಷ್ಟು.

ಟಿ. ನರಸೀಪುರದ ಗುಂಜಾ ನರಸಿಂಹಸ್ವಾಮಿ ದೇವಸ್ಥಾನಕ್ಕೆ ಹೋದವರಿಗೆ ಗುಲಗಂಜಿಯ ಲೆಕ್ಕ ಗೊತ್ತು. ಕಾವೇರಿ, ಕಪಿಲೆ ಕೂಡುವ ಆ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಅನ್ನುವುದು ನಮ್ಮ ಕಡೆಯ ನಂಬಿಕೆ. ಅಕ್ಕಸಾಲಿಗರ ತಕ್ಕಡಿಯಲ್ಲಿ ಗುಲಗಂಜಿಯ ಬೆಲೆ ಏನು ಅಂತ ಹೆಂಗಸರಿಗೆ ಹೇಳಿಕೊಡಬೇಕಿಲ್ಲ. ಹೊಟ್ಟೆಯೊಳಗಿನ ಲೆಕ್ಕವೂ ಹಾಗೇ. ಗುಲಗಂಜಿಯಷ್ಟಿರುವಾಗ ಕಂಡರೆ ಒಂದು ಲೆಕ್ಕ, ಮುದ್ದೆ ಸಿಕ್ಕಿಕೊಳ್ಳುವಷ್ಟಾದ ಮೇಲೆ ಕಂಡರೆ ಇನ್ನೊಂದು.

ಆ ಮಚ್ಚೆಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರಿನ ತೀರಾ ಮೊದಲ ಹಂತ, ಮೇಲ್ಪದರ ದಾಟಿರಲಿಲ್ಲ. ಬೆಂಗಳೂರಿನಲ್ಲಿ ಅದೇ ಥರದ ಕೊಳವೆಯ ಮೂಲಕವೇ ಆ ಪದರವನ್ನು ಸುಲಿದು ತೆಗೆದರು. ಹೊಟ್ಟೆಯ ಮೇಲಾಗಲಿ ಎದೆಯ ಮೇಲಾಗಲಿ ಒಂದು ಗೀರೂ ಬೀಳಲಿಲ್ಲ. ಕೆಲವು ದಿನ ನೀರು ಗಂಜಿ, ಆಮೇಲೆ ಮೆತ್ತಗಿನ ಅನ್ನ, ಆಮೇಲೆ ಎಲ್ಲ ಮಾಮೂಲು. ಎಲೆ ಅಡಿಕೆ ಚೀಲ ಮಾತ್ರ ಕಪಿಲೆಗೆ ಬಿಟ್ಟು ಬಂದರಂತೆ. ನದಿ ಗಲೀಜಾಗೋದು ಬೇಡ, ಕಸದ ಬುಟ್ಟಿ ಸಾಕಿತ್ತು ಅಂತ ನಾನು ಬೈದೆ.

ಬಾಗಿಲ ಬಳಿಯ ಬೆಳಕು

ಸೀರೆ ಅಂಗಡಿಗೆ ಹೋದಾಗ ನೀವು ಏನು ಮಾಡ್ತೀರಿ? ಟ್ಯೂಬ್‌ಲೈಟಿನ ಕೆಳಗೆ ಎಷ್ಟೇ ಚೆನ್ನಾಗಿ ಕಂಡರೂ ಸೀರೆಯನ್ನು ಬಾಗಿಲ ಬಳಿಗೆ ತಂದು ಬಿಸಿಲಿಗೆ ಹಿಡಿದು ನೋಡದೆ ದುಡ್ಡು ಕೊಡ್ತೀರಾ? ಮೈಸೂರು ಸಿಲ್ಕ್ ಆದರಂತೂ ಕೇಳೋದೇ ಬೇಡ. ಬೆಳಕು ಬದಲಾದರೆ ಬಣ್ಣ ಬದಲಾಗುತ್ತದೆ, ನೂಲಿನ ಐಬು ಕಾಣುತ್ತದೆ. ಹೊಸ ಎಂಡೋಸ್ಕೋಪಿ ಯಂತ್ರಗಳು ಮಾಡುವುದೂ ಇದನ್ನೇ.

ಮಾಮೂಲಿ ಬಿಳಿ ಬೆಳಕಿನಲ್ಲಿ ಎಲ್ಲ ಬಣ್ಣವೂ ಇರುತ್ತದೆ. ಅದರಲ್ಲಿ ನೀಲಿಯ ಒಂದು ಎಳೆ, ಹಸಿರಿನ ಒಂದು ಎಳೆ ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನು ಸೋಸಿಬಿಟ್ಟರೆ? ಈ ಎರಡು ಬಣ್ಣವನ್ನು ರಕ್ತದ ಹಿಮೋಗ್ಲೋಬಿನ್ ಚೆನ್ನಾಗಿ ಹೀರಿಕೊಳ್ಳುತ್ತದೆ. ನೀಲಿ ಬೆಳಕು ಆಳಕ್ಕೆ ಇಳಿಯದೆ ಒಳಪದರದ ಮೇಲ್ಮೈಯಲ್ಲೇ ಉಳಿಯುತ್ತದೆ. ಹಾಗಾಗಿ ಮೇಲ್ಮೈಯ ಕೂದಲೆಳೆಯಂಥ ರಕ್ತನಾಳಗಳು ಕಂದು ಬಣ್ಣದಲ್ಲಿ ಎದ್ದು ಕಾಣುತ್ತವೆ. ಕ್ಯಾನ್ಸರ್ ಮೊಳೆಯುವ ಜಾಗದಲ್ಲಿ ಈ ನಾಳಗಳು ದಪ್ಪಗಾಗಿ, ಅಡ್ಡಾದಿಡ್ಡಿ ಸುತ್ತಿಕೊಂಡು ರಂಗೋಲಿ ತಪ್ಪಿದ ಹಾಗೆ ಇರುತ್ತವೆ. ಗಡ್ಡೆ ಕಟ್ಟುವ ಮೊದಲೇ ಸಿಗುವ ಸುಳಿವು ಅದು. ಇದಕ್ಕೆ ನ್ಯಾರೋ ಬ್ಯಾಂಡ್ ಇಮೇಜಿಂಗ್ ಅಂತ ಹೆಸರು, ಡಾಕ್ಟರುಗಳ ಬಾಯಲ್ಲಿ ಎನ್‌ಬಿಐ. ಜಪಾನಿನಲ್ಲಿ ಹುಟ್ಟಿದ ಇದು 2005-06ರ ಸುಮಾರಿಗೆ ಆಸ್ಪತ್ರೆಗಳಿಗೆ ಬಂತು. ಬೇರೆ ಕಂಪನಿಗಳ ಯಂತ್ರಗಳಲ್ಲಿ ಬೇರೆ ಹೆಸರಿನ ಇಂಥದ್ದೇ ಬೆಳಕುಗಳಿವೆ.

ಇದಕ್ಕೂ ಹಳೆಯದು, ಅಗ್ಗದ್ದು ಇನ್ನೊಂದಿದೆ: ಅಯೋಡಿನ್. ಹೆಚ್ಚಿದ ಆಲೂಗಡ್ಡೆಗೆ ಅಯೋಡಿನ್ ಹನಿ ಹಾಕಿ ಬಣ್ಣ ತಿರುಗೋದನ್ನು ನಿಮ್ಮ ಮಕ್ಕಳು ಸ್ಕೂಲಿನಲ್ಲಿ ಮಾಡಿರುತ್ತಾರೆ. ಅನ್ನನಾಳದ ಆರೋಗ್ಯವಂತ ಒಳಪದರದಲ್ಲಿ ಪಿಷ್ಟದ ಜಾತಿಯ ಗ್ಲೈಕೋಜನ್ ಇರುವುದರಿಂದ ಅಯೋಡಿನ್ ಸಿಂಪಡಿಸಿದರೆ ಕಂದಾಗುತ್ತದೆ. ಕೆಟ್ಟ ಜಾಗಕ್ಕೆ ಬಣ್ಣ ಹತ್ತುವುದಿಲ್ಲ, ಪೇಲವವಾಗಿ ಉಳಿದುಬಿಡುತ್ತದೆ. ನಂಜನಗೂಡಿನ ನಮ್ಮ ವಾರಗಿತ್ತಿಯ ಮಚ್ಚೆಯ ಅಂಚು ಎಲ್ಲಿಯವರೆಗೆ ಅಂತ ಗೊತ್ತಾದದ್ದು ಈ ಅಯೋಡಿನ್‌ನಿಂದಲೇ.

ಗರ್ಭಕೋಶದ ಕೊರಳಿನ ಕ್ಯಾನ್ಸರ್ ಪರೀಕ್ಷೆಯೂ ಇದೇ ಕುಟುಂಬದ್ದು. ಅಲ್ಲಿ ವಿನೆಗರ್‌ನ ಅಂಶ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಸಂಶಯದ ಜಾಗ ಬೆಳ್ಳಗಾಗುತ್ತದೆ. ನಮ್ಮ ಪಕ್ಕದ ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ ಇಷ್ಟೇ ಸರಳ ಪರೀಕ್ಷೆಯನ್ನು ಹಳ್ಳಿ ಹೆಂಗಸರಿಗೆ ಮಾಡಿ, ಆ ಕ್ಯಾನ್ಸರಿನ ಸಾವು ಶೇ. 35ರಷ್ಟು ಕಡಿಮೆಯಾದದ್ದು 2007ರಲ್ಲಿ ಪ್ರಕಟವಾಯಿತು. ಗೋಗರೆದು ಹೇಳ್ತೀನಿ, 30 ದಾಟಿದ್ದರೆ ಇದನ್ನು ಮಾಡಿಸಿಕೊಳ್ಳಿ. ಬಾಯಿ, ಸ್ತನ, ಗರ್ಭಕೊರಳು ಮೂರರ ತಪಾಸಣೆಯೂ ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ.

ಇನ್ನೂ ಮುಂದಿನ ಯಂತ್ರಗಳೂ ಬಂದಿವೆ. ಕಣ್ಣಾಸ್ಪತ್ರೆಯಲ್ಲಿ ಅಮ್ಮನಿಗೆ ಓಸಿಟಿ ಸ್ಕ್ಯಾನ್ ಮಾಡಿಸಿದ್ದು ನೆನಪಿದೆಯಾ? ಅದೇ ಬೆಳಕನ್ನು ಕೊಳವೆಯ ತುದಿಗೆ ಕೂರಿಸಿ ಒಳಪದರವನ್ನು ಒಂದೆರಡು ಮಿಲಿಮೀಟರ್ ಆಳದವರೆಗೆ, ಪದರ ಪದರವಾಗಿ ನೋಡುವುದಿದೆ. ಸೂಕ್ಷ್ಮದರ್ಶಕವನ್ನೇ ಕೊಳವೆಗೆ ಹೊಂದಿಸಿ ಜೀವಕೋಶಗಳನ್ನು ಅಲ್ಲೇ ನೋಡುವುದಿದೆ. ದೊಡ್ಡ ಕರುಳಿನ ಪರೀಕ್ಷೆಯಲ್ಲಿ "ಇಲ್ಲೊಂದು ಗಂಟಿದೆ ನೋಡಿ" ಅಂತ ಡಾಕ್ಟರಿಗೆ ಚೌಕ ಹಾಕಿ ತೋರಿಸುವ ಕಂಪ್ಯೂಟರ್ ಬಂದಿದೆ. ಅಂಥ ಒಂದಕ್ಕೆ ಅಮೆರಿಕದಲ್ಲಿ 2021ರಲ್ಲಿ ಅನುಮತಿಯೂ ಸಿಕ್ಕಿತು. ಆದರೆ ಇವು ನಿಮ್ಮೂರಿನ ಆಸ್ಪತ್ರೆಯಲ್ಲಿ ಇಲ್ಲವಲ್ಲ ಅಂತ ಕೊರಗಬೇಡಿ. ಸಾಮಾನ್ಯ ಎಂಡೋಸ್ಕೋಪಿಯನ್ನೇ ಸರಿಯಾದ ಕಾಲಕ್ಕೆ ಮಾಡಿಸಿಕೊಳ್ಳದೆ ಹೋಗುವವರು ನಾವು.

ಕತ್ತಿ ನುಂಗುವವನಿಂದ ಶುರುವಾದದ್ದು

ಒಳಗೆ ಕೊಳವೆ ಬಿಟ್ಟು ನೋಡುವ ಯೋಚನೆ ಬಂದದ್ದೇ ಒಂದು ತಮಾಷೆ. ಜಾತ್ರೆಯಲ್ಲಿ ಕತ್ತಿ ನುಂಗುವವರನ್ನು ನೋಡಿದ್ದೀರಲ್ಲ? 1868ರಲ್ಲಿ ಜರ್ಮನಿಯ ಕುಸ್‌ಮೌಲ್ ಎಂಬ ವೈದ್ಯರು ಅಂಥವನೊಬ್ಬನನ್ನೇ ಹಿಡಿದು ಅವನ ಗಂಟಲಿಗೆ ನೆಟ್ಟನೆಯ ಲೋಹದ ಕೊಳವೆ ಇಳಿಸಿದರು! ಮಿಕ್ಕವರು ಯಾರು ತಾನೇ ಒಪ್ಪುತ್ತಾರೆ? ಬಾಗುವ, ಬಳುಕುವ ಕೊಳವೆ ಬರಲು ಸುಮಾರು ತೊಂಬತ್ತು ವರ್ಷ ಕಾಯಬೇಕಾಯಿತು. ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳ ಕಂತೆಯಲ್ಲಿ ಚಿತ್ರವನ್ನು ಸಾಗಿಸಬಹುದು ಅಂತ 1954ರಲ್ಲಿ ತೋರಿಸಿದ ಇಬ್ಬರಲ್ಲಿ ಒಬ್ಬರು ನಮ್ಮ ಪಂಜಾಬಿನ ನರೀಂದರ್ ಸಿಂಗ್ ಕಪಾನಿ. 1957ರಲ್ಲಿ ಅಮೆರಿಕದ ಹಿರ್ಶೋವಿಟ್ಸ್ ಎಂಬ ವೈದ್ಯರು ಅದರಿಂದ ಎಂಡೋಸ್ಕೋಪ್ ಮಾಡಿ, ಮೊದಲು ತಾವೇ ನುಂಗಿ ನೋಡಿದರು. ರೋಗಿಗೆ ಹೇಳುವ ಮೊದಲು ತಾನು ನುಂಗುವ ಡಾಕ್ಟರು! ಆ ಕಾಲವೇ ಚೆಂದ.

"ಗ್ಯಾಸ್" ಅನ್ನುವ ಸಮಾಧಾನ

ನಮ್ಮ ಭಾಷೆಯಲ್ಲಿ ಗ್ಯಾಸ್ ಅನ್ನುವುದು ಒಂದು ಡಬ್ಬಿ. ಎದೆಯುರಿ, ಹೊಟ್ಟೆಯುಬ್ಬರ, ವಾಕರಿಕೆ, ಸುಸ್ತು ಎಲ್ಲವನ್ನೂ ಅದರಲ್ಲಿ ಹಾಕಿ ಮುಚ್ಚಳ ಮುಚ್ಚುತ್ತೇವೆ. ನೂರಕ್ಕೆ ಬಹುಪಾಲು ಸಲ ಅದು ನಿಜಕ್ಕೂ ಬರೀ ಅಜೀರ್ಣವೇ. ಹೆದರಬೇಕಿಲ್ಲ. ಆದರೆ ಡಬ್ಬಿಯೊಳಗೆ ಸೇರಿಸಬಾರದ ಕೆಲವು ಇವೆ.

ನುಂಗುವಾಗ ಆಹಾರ ಎದೆಯಲ್ಲಿ ನಿಂತಂತಾಗುವುದು ಅದರಲ್ಲಿ ಮೊದಲನೆಯದು. ಅದು ಒಂದು ಸಲ ಎರಡು ಸಲವಲ್ಲ, ವಾರಗಟ್ಟಲೆ ಆಗುತ್ತಿದ್ದರೆ, ಮೊದಲು ಮುದ್ದೆ, ಚಪಾತಿಯಂಥ ಗಟ್ಟಿ ಪದಾರ್ಥ, ಆಮೇಲೆ ಮೆತ್ತಗಿನದ್ದೂ ಅಂತ ಕ್ರಮವಾಗಿ ಏರುತ್ತಿದ್ದರೆ ಒಂದು ದಿನವೂ ಕಾಯಬೇಡಿ. ಡಯಟ್ ಮಾಡದೆಯೇ ತೂಕ ಇಳಿಯುವುದು, ನಿಲ್ಲದ ವಾಂತಿ, ವಾಂತಿಯಲ್ಲಿ ರಕ್ತ, ಡಾಂಬರಿನಂತೆ ಕಪ್ಪಗೆ ಜಿಗುಟಾದ ಮಲ ಇವೂ ಹಾಗೇ. ಕಬ್ಬಿಣದ ಮಾತ್ರೆ ತಿನ್ನುವವರಿಗೆ ಮಲ ಕಪ್ಪಗಾಗುವುದು ಸಹಜ. ಗಾಬರಿಯಾಗಬೇಡಿ, ಆದರೆ ಮಾತ್ರೆಯ ವಿಷಯವನ್ನು ಡಾಕ್ಟರಿಗೆ ಹೇಳಿ. ಐವತ್ತರ ಆಸುಪಾಸಿನಲ್ಲಿ ಹೊಸದಾಗಿ ಶುರುವಾದ ಅಜೀರ್ಣ, ಹೆತ್ತವರಿಗೋ ಒಡಹುಟ್ಟಿದವರಿಗೋ ಹೊಟ್ಟೆಯ, ಕರುಳಿನ ಕ್ಯಾನ್ಸರ್ ಬಂದ ಇತಿಹಾಸ ಇದ್ದರೆ ಅದನ್ನೂ ಹೇಳಿ.

ಇನ್ನು ರಕ್ತಹೀನತೆ. ಹೆಂಗಸರಿಗೆ ರಕ್ತ ಕಡಿಮೆ ಇರೋದು ಮಾಮೂಲು ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ದೇವೆ. ಮುಟ್ಟು ನಿಂತ ಮೇಲೂ ಕಬ್ಬಿಣದ ಕೊರತೆಯಾಗುತ್ತಿದ್ದರೆ ಅದು ಮಾಮೂಲಲ್ಲ. ಜಠರ, ದೊಡ್ಡ ಕರುಳು ಎರಡನ್ನೂ ಒಳಗಿನಿಂದ ನೋಡಬೇಕಾಗುತ್ತದೆ. ಮಾತ್ರೆ ಬರೆದುಕೊಟ್ಟವರನ್ನು ಆ ಡಾಕ್ಟರಂತೆ ನೀವೇ ಕೇಳಿ, ರಕ್ತ ಹೋಗ್ತಿರೋದು ಎಲ್ಲಿಂದ ಅಂತ.

ಮಲದಲ್ಲಿ ರಕ್ತ ಕಂಡರೆ "ಮೂಲವ್ಯಾಧಿ ಇರಬೇಕು" ಅಂತ ಮುಚ್ಚಿಟ್ಟುಕೊಳ್ಳುವುದು ಇನ್ನೊಂದು ಅಭ್ಯಾಸ. ಗಂಡನಿಗೂ ಹೇಳೋದಿಲ್ಲ. ನಾಚಿಕೆ! ಮೂಲವ್ಯಾಧಿಯೇ ಇರಬಹುದು, ಆದರೆ ನೋಡದೆ ಗೊತ್ತಾಗೋದು ಹೇಗೆ? ದೊಡ್ಡ ಕರುಳಿನ ಕ್ಯಾನ್ಸರ್ ಹೆಚ್ಚಾಗಿ ಪಾಲಿಪ್ ಎಂಬ ಸಣ್ಣ ಗಂಟಿನಿಂದ ಶುರುವಾಗುತ್ತದೆ, ಗಂಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷದ ಮಾತು. ಅಷ್ಟು ದೊಡ್ಡ ಅವಕಾಶವನ್ನು ಎಲ್ಲ ಕ್ಯಾನ್ಸರೂ ಕೊಡುವುದಿಲ್ಲ. ಕೊಲೊನೋಸ್ಕೋಪಿಯಲ್ಲಿ ಕಂಡ ಗಂಟನ್ನು ಆಗಲೇ ಕತ್ತರಿಸಿ ತೆಗೆಯಬಹುದು.

ಮುಟ್ಟು ನಿಂತು ವರ್ಷದ ಮೇಲೆ ಮತ್ತೆ ಕಲೆ ಕಂಡರೆ, ನೋವಿಲ್ಲದೆ ಮೂತ್ರದಲ್ಲಿ ರಕ್ತ ಬಂದರೆ, ಅಲ್ಲೂ ಕೊಳವೆ ಕ್ಯಾಮೆರಾದ ಪರೀಕ್ಷೆಗಳಿವೆ. "ಉರಿಮೂತ್ರ" ಅಂತ ಮತ್ತೆ ಮತ್ತೆ ಬಾರ್ಲಿ ನೀರು ಕುಡಿದು ಸುಮ್ಮನಾಗಬೇಡಿ.

ಗ್ಯಾಸಿನ ಮಾತ್ರೆಯ ಬಗ್ಗೆ ಒಂದು ಮಾತು. ಆಮ್ಲ ತಗ್ಗಿಸುವ ಮಾತ್ರೆಗಳು ಒಳ್ಳೆಯ ಔಷಧವೇ. ಆದರೆ ತಿಂಗಳುಗಟ್ಟಲೆ ನೀವೇ ತೆಗೆದುಕೊಂಡರೆ ಉರಿ ಶಮನವಾಗಿ ಒಳಗಿನ ಕಾಯಿಲೆಯ ಗುರುತೇ ಮಸುಕಾಗಬಹುದು. ಜಠರದ ಹುಣ್ಣಿಗೂ ಜಠರದ ಕ್ಯಾನ್ಸರಿಗೂ ಕಾರಣವಾಗುವ ಎಚ್. ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ಇದೆ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಅದನ್ನು ಲೋಟದಲ್ಲಿ ಕುಡಿದು, ತಮ್ಮ ಹೊಟ್ಟೆಗೇ ಎಂಡೋಸ್ಕೋಪಿ ಮಾಡಿಸಿಕೊಂಡು ತೋರಿಸಿದರು, 2005ರಲ್ಲಿ ನೊಬೆಲ್ ಬಂತು. ಅದರ ಪರೀಕ್ಷೆಗೆ ಎರಡು ವಾರ ಮೊದಲು ಈ ಮಾತ್ರೆ ನಿಲ್ಲಿಸಬೇಕಾಗುತ್ತದೆ, ಇಲ್ಲದಿದ್ದರೆ ಇದ್ದರೂ ಇಲ್ಲ ಅಂತ ಬರಬಹುದು. ಏನು ಮಾತ್ರೆ, ಎಷ್ಟು ತಿಂಗಳಿನಿಂದ ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮಂಡಿನೋವಿನ ಮಾತ್ರೆಯನ್ನೂ ಬರೆಯಿರಿ.

ಎಲೆ ಅಡಿಕೆ ವಿಷಯಕ್ಕೆ ನನ್ನ ಮೇಲೆ ಸಿಟ್ಟಾಗಬೇಡಿ. ತಾಂಬೂಲ ನಮ್ಮ ಶುಭಕಾರ್ಯದ ವಸ್ತು, ಮೈಸೂರು ಚಿಗುರೆಲೆಯ ರುಚಿ ನನಗೂ ಗೊತ್ತು. ಆದರೆ ಹೊಗೆಸೊಪ್ಪು, ಕಡ್ಡಿಪುಡಿ ಬಾಯಿ ಮತ್ತು ಅನ್ನನಾಳದ ಕ್ಯಾನ್ಸರಿಗೆ ದಾರಿ. ಹೊಗೆಸೊಪ್ಪು ಇಲ್ಲದ ಬರೀ ಎಲೆ ಅಡಿಕೆಯೂ ಕ್ಯಾನ್ಸರ್‌ಕಾರಕ ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿತು. ಅದೇ ಸಂಸ್ಥೆ 2016ರಲ್ಲಿ 65 ಡಿಗ್ರಿಗಿಂತ ಬಿಸಿಯಾದ ಪಾನೀಯವನ್ನೂ ಬಹುಶಃ ಅಪಾಯಕಾರಿ ಅನ್ನುವ ಪಟ್ಟಿಗೆ ಸೇರಿಸಿತು. ಕಾಫಿ ಬಿಡಿ ಅಂತ ಹೇಳಲಾರೆ. ನಂಜನಗೂಡಿನಲ್ಲಿ ಕಾಫಿಪುಡಿಯ ಕಾರ್ಖಾನೆಯೇ ಇದೆ! ಲೋಟದಿಂದ ಬಟ್ಟಲಿಗೆ ನಾಲ್ಕು ಸಲ ಎತ್ತಿ ಹೊಯ್ದು ಕುಡಿಯಿರಿ, ಅಜ್ಜಿಯರು ಮಾಡುತ್ತಿದ್ದ ಹಾಗೆ.

ಉಸಿರು ಕಟ್ಟಿದರೆ?

ಎಂಡೋಸ್ಕೋಪಿ ಅಂದ ತಕ್ಷಣ ಎಲ್ಲರೂ ಕೇಳುವ ಪ್ರಶ್ನೆ ಇದು. ಕೊಳವೆ ಹೋಗುವುದು ಅನ್ನನಾಳಕ್ಕೆ, ಶ್ವಾಸನಾಳಕ್ಕಲ್ಲ. ಮೂಗಿನಿಂದ ನಿಧಾನವಾಗಿ ಉಸಿರಾಡುತ್ತಿದ್ದರೆ ಸಾಕು. ದಪ್ಪ ನಿಮ್ಮ ಕಿರುಬೆರಳಿನಷ್ಟು. ಗಂಟಲಿಗೆ ಮರಗಟ್ಟುವ ಸ್ಪ್ರೇ ಹೊಡೆಯುತ್ತಾರೆ, ಕಹಿಯಾಗಿರುತ್ತದೆ. ಎಡಕ್ಕೆ ಮಗ್ಗುಲಾಗಿ ಮಲಗಿಸಿ, ಹಲ್ಲಿನ ನಡುವೆ ಒಂದು ಪ್ಲಾಸ್ಟಿಕ್ ಬಳೆ ಕಚ್ಚಿಸುತ್ತಾರೆ. ಕೊಳವೆ ಗಂಟಲು ದಾಟುವ ಕೆಲವು ಕ್ಷಣ ಓಕರಿಕೆ ಬರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಸುಳ್ಳು ಹೇಳೋದಿಲ್ಲ, ಹಿತವಾಗಿರೋದಿಲ್ಲ. ಆಮೇಲೆ ಹೊಟ್ಟೆ ಉಬ್ಬಿದ ಹಾಗಿರುತ್ತದೆ, ಗಾಳಿ ತುಂಬಿರುತ್ತಾರಲ್ಲ. ಬಹುತೇಕ ಹತ್ತು ನಿಮಿಷದೊಳಗೆ ಮುಗಿಯುತ್ತದೆ. ತೀರಾ ಹೆದರಿಕೆಯಾದರೆ ಮಂಪರಿನ ಇಂಜೆಕ್ಷನ್ ಕೇಳಬಹುದು. ಆಗ ಜೊತೆಗೆ ಒಬ್ಬರು ಇರಲೇಬೇಕು, ಆ ದಿನ ಸ್ಕೂಟಿ ಓಡಿಸುವ ಹಾಗಿಲ್ಲ, ಒಲೆ ಮುಂದೆಯೂ ನಿಲ್ಲಬೇಡಿ.

ಘನ ಆಹಾರ ಕನಿಷ್ಠ 6 ಗಂಟೆ ಮೊದಲೇ ನಿಲ್ಲಿಸಬೇಕು, ನೀರು 2 ಗಂಟೆ ಮೊದಲು. ಹಾಲು ಹಾಕಿದ ಕಾಫಿ ನೀರಿನ ಲೆಕ್ಕಕ್ಕೆ ಬರೋದಿಲ್ಲ! ಸಕ್ಕರೆ ಕಾಯಿಲೆಯವರು, ರಕ್ತ ತೆಳುವಾಗುವ ಮಾತ್ರೆ ತಿನ್ನುವವರು ಮೊದಲೇ ಕೇಳಿಕೊಳ್ಳಿ. ಕಟ್ಟಿಸಿದ ಹಲ್ಲಿದ್ದರೆ ತೆಗೆದಿಡಿ. ಉಗುರಿನ ಬಣ್ಣ ಅಳಿಸಿ ಹೋಗಿ, ಬೆರಳಿಗೆ ಆಮ್ಲಜನಕ ನೋಡುವ ಕ್ಲಿಪ್ ಹಾಕುತ್ತಾರೆ. ಸ್ಪ್ರೇಯ ಜೋಮು ಇಳಿಯುವ ತನಕ, ಅಂದರೆ ಅರ್ಧ ಮುಕ್ಕಾಲು ಗಂಟೆ, ನೀರೂ ಬೇಡ, ಕೆಮ್ಮು ಹತ್ತೀತು. ಕೊಲೊನೋಸ್ಕೋಪಿಗೆ ಹಿಂದಿನ ದಿನ ಭೇದಿಯ ಔಷಧ ಲೀಟರುಗಟ್ಟಲೆ ಕುಡಿಯಬೇಕು. ಪರೀಕ್ಷೆಗಿಂತ ಅದೇ ರೇಜಿಗೆ ಅನ್ನುತ್ತಾರೆ ಮಾಡಿಸಿಕೊಂಡವರು. ಆದರೆ ಕರುಳು ಚೊಕ್ಕಟವಾಗದಿದ್ದರೆ ಗುಲಗಂಜಿ ಕಾಣೋದಿಲ್ಲ.

"ಚೂರು ತೆಗೆದರೆ ಕ್ಯಾನ್ಸರ್ ಹರಡುತ್ತಂತೆ" ಅನ್ನುವ ಮಾತು ನಮ್ಮ ಚಿಕ್ಕಮ್ಮನ ಮನೆಯಲ್ಲೂ ಬಂದಿತ್ತು. ಎಂಡೋಸ್ಕೋಪಿಯಲ್ಲಿ ತೆಗೆಯುವ ಚೂರು ಅಕ್ಕಿನುಚ್ಚಿನಷ್ಟು. ಒಳಪದರಕ್ಕೆ ಕತ್ತರಿಸಿದ ನೋವೇ ಗೊತ್ತಾಗುವುದಿಲ್ಲ. ಇದರಿಂದ ಕಾಯಿಲೆ ಹರಡುತ್ತದೆ ಅಂತ ಹೆದರಿ ಬಯಾಪ್ಸಿ ಬೇಡ ಅನ್ನಬೇಡಿ. ಎಷ್ಟೇ ಒಳ್ಳೆಯ ಬೆಳಕಿದ್ದರೂ ಕೊನೆಯ ತೀರ್ಪು ಆ ನುಚ್ಚಿನದ್ದೇ. ತೀರಾ ಅಪರೂಪಕ್ಕೆ ರಕ್ತಸ್ರಾವ ಆಗುವುದು, ಇನ್ನೂ ಅಪರೂಪಕ್ಕೆ ತೂತಾಗುವುದು ಉಂಟು. ಪರೀಕ್ಷೆ ಆದ ಮೇಲೆ ಜೋರು ಹೊಟ್ಟೆನೋವು, ಎದೆನೋವು, ಜ್ವರ, ರಕ್ತವಾಂತಿ ಕಂಡರೆ ತಡಮಾಡದೆ ವಾಪಸ್ಸು ಹೋಗಿ.

ಹಾಗಂತ ಎಲ್ಲರೂ ಓಡಬೇಡಿ

ಜಪಾನಿನಲ್ಲಿ 50 ದಾಟಿದವರಿಗೆ, ಕೊರಿಯಾದಲ್ಲಿ 40 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಜಠರದ ತಪಾಸಣೆಯ ಸರ್ಕಾರಿ ವ್ಯವಸ್ಥೆ ಇದೆ. ಅಲ್ಲಿ ಜಠರದ ಕ್ಯಾನ್ಸರ್ ತುಂಬಾ ಹೆಚ್ಚು. ನಮ್ಮಲ್ಲಿ ಲಕ್ಷಣವಿಲ್ಲದ ಎಲ್ಲರಿಗೂ ಎಂಡೋಸ್ಕೋಪಿ ಮಾಡಿ ಅಂತ ಯಾರೂ ಹೇಳುವುದಿಲ್ಲ. ಹಬ್ಬದ ಆಫರಿನಂತೆ ಬರುವ ಮಾಸ್ಟರ್ ಹೆಲ್ತ್ ಚೆಕಪ್ ಪ್ಯಾಕೇಜು ನೋಡಿ "ಇದೂ ಸೇರಿದೆಯಲ್ಲ, ಮಾಡಿಸಿಬಿಡೋಣ" ಅನ್ನಬೇಡಿ. ನಿಮ್ಮ ಲಕ್ಷಣ, ವಯಸ್ಸು, ಅಭ್ಯಾಸ, ಮನೆತನದ ಇತಿಹಾಸ ಕೇಳಿದ ಡಾಕ್ಟರು ಬೇಕು ಅಂದರೆ ಮಾಡಿಸಿ. ಬೇಕು ಅಂದಾಗ ಮುಂದೂಡಬೇಡಿ.

ಮಾಡಿಸುವಾಗ ಯಂತ್ರದ ಹೆಸರಿಗಿಂತ ನೋಡುವವರ ತಾಳ್ಮೆ ದೊಡ್ಡದು. ಮೊದಲ ಸಲದ ಎಂಡೋಸ್ಕೋಪಿಗೆ ಕನಿಷ್ಠ 7 ನಿಮಿಷ ಒಳಗಿದ್ದು ನೋಡಬೇಕು ಅಂತ ಯುರೋಪಿನ ತಜ್ಞರು 2016ರಲ್ಲಿ ಗೆರೆ ಎಳೆದರು. ಗಡಿಬಿಡಿಯಲ್ಲಿ ಅಕ್ಕಿ ಆರಿಸಿದರೆ ಕಲ್ಲು ಉಳಿಯುತ್ತದಲ್ಲ, ಹಾಗೆ. ಚೂರು ತೆಗೆದಿರಾ, ವರದಿ ಯಾವಾಗ, ಫೋಟೋ ಸಮೇತ ಕೊಡ್ತೀರಾ ಅಂತ ಕೇಳಿ. ಎನ್‌ಬಿಐ ಥರದ ಬೆಳಕು ಇದೆಯಾ ಅಂತಲೂ ಕೇಳಬಹುದು. ವಿಶೇಷವಾಗಿ ಹೊಗೆಸೊಪ್ಪಿನ ಅಭ್ಯಾಸ ಇದ್ದವರು ಕೇಳಲೇಬೇಕು. ಕೇಳಿದರೆ ಡಾಕ್ಟರು ಬೇಜಾರು ಮಾಡಿಕೊಳ್ಳುತ್ತಾರೆ ಅನ್ನುವ ಸಂಕೋಚ ತರಕಾರಿ ಕೊಳ್ಳುವಾಗ ಇರೋದಿಲ್ಲ, ಇಲ್ಲೇಕೆ?

ಊರಿನವರನ್ನು ಕರೆಸಿಕೊಳ್ಳಿ

ನಂಜನಗೂಡು ಮೈಸೂರಿನಿಂದ ಸುಮಾರು 25 ಕಿಲೋಮೀಟರ್, ಟಿ. ನರಸೀಪುರ 30ರ ಆಸುಪಾಸು. ಎರಡೂ ಕಡೆ ತಾಲ್ಲೂಕು ಆಸ್ಪತ್ರೆ ಇದೆ, ಅಲ್ಲಿ ಮೊದಲು ತೋರಿಸಿ ಚೀಟಿ ಬರೆಸಿಕೊಂಡರೆ ಮುಂದಿನ ದಾರಿ ಸಲೀಸು. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆ, ಹೆಣ್ಣುಮಕ್ಕಳ ಕಾಯಿಲೆಗೆ ಚೆಲುವಾಂಬ ಇವೆ. ಬೆಂಗಳೂರಿನಲ್ಲಿ ಕ್ಯಾನ್ಸರಿಗೇ ಅಂತ 1973ರಿಂದ ಕಿದ್ವಾಯಿ ಇದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಅದಕ್ಕೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕಾಗುತ್ತದೆ. ಬರೀ ಪರೀಕ್ಷೆಗೂ ಅನ್ವಯಿಸುತ್ತದೆಯೇ ಅಂತ ಆಸ್ಪತ್ರೆಯ ಕೌಂಟರಿನಲ್ಲಿ ಮೊದಲೇ ವಿಚಾರಿಸಿ.

ದೂರಕ್ಕಿಂತ ದೊಡ್ಡ ತೊಡಕು ಬೇರೆ ಇದೆ. "ಒಂದು ದಿನ ನಾನು ಇಲ್ಲದಿದ್ರೆ ಮನೆ ಹೆಂಗೆ ನಡೀತದೆ?" ನಮ್ಮ ಅಮ್ಮಂದಿರ ಬಾಯಲ್ಲಿ ಇದೇ. ಪೇಟೆಯಲ್ಲಿರುವ ಮಗಳೋ ಸೊಸೆಯೋ "ನಮ್ಮನೆಗೆ ಎರಡು ದಿನ ಬನ್ನಿ" ಅಂತ ಕರೆದು, ಹಿಂದಿನ ರಾತ್ರಿ ತನ್ನ ಮನೆಯಲ್ಲೇ ಮಲಗಿಸಿ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕರೆದೊಯ್ದರೆ ಅರ್ಧ ಕೆಲಸ ಆದಂತೆ. ಹರಕೆ ಹೊತ್ತುಕೊಳ್ಳುತ್ತೇನೆ ಅಂದರೆ ಬೇಡ ಅನ್ನಬೇಡಿ. ಅರಮನೆಯ ಆನೆಯ ಕಣ್ಣು ಬಂದದ್ದಕ್ಕೆ ಟಿಪ್ಪು ಸುಲ್ತಾನ ಹಕೀಮ ನಂಜುಂಡ ಅಂತ ಕರೆದ ಅನ್ನುವ ಪ್ರತೀತಿ ಇರುವ ದೇವರು. ಹರಕೆ ತೀರಿಸಲು ರಿಪೋರ್ಟ್ ಕೈಗೆ ಬಂದ ಮೇಲೆ ಹೋಗೋಣ ಅನ್ನಿ.

ಈ ವಾರ ಒಂದು ರಾತ್ರಿ ನಿಮ್ಮ ಅತ್ತೆಯನ್ನೋ ಅಮ್ಮನನ್ನೋ ಜೊತೆಗೇ ಊಟಕ್ಕೆ ಕೂರಿಸಿ ನೋಡಿ. ಮುದ್ದೆ ಮಾಡಿ. ಎಷ್ಟು ತುತ್ತಿಗೆ ನೀರು ಕುಡಿಯುತ್ತಾರೆ ಅಂತ ಗಮನಿಸಿ.

ನಂಜನಗೂಡಿನ ಮನೆಗೆ ಹೋದ ತಿಂಗಳು ಹೋಗಿದ್ದೆ. ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಸಿಲಿಂಡರ್ ಬುಕ್ ಮಾಡಿದ ತಾರೀಖು, ಹಾಲಿನ ಲೆಕ್ಕ, ಚೀಟಿ ಕಟ್ಟುವ ದಿನ. ಅವುಗಳ ನಡುವೆ ಒಂದು ತಾರೀಖಿಗೆ ಕೆಂಪು ಶಾಯಿಯ ಸುತ್ತು, ಪಕ್ಕದಲ್ಲಿ "ಪೈಪು" ಅಂತ ಬರೆದಿತ್ತು. ವರ್ಷಕ್ಕೊಮ್ಮೆ ಮತ್ತೆ ಒಳಗೆ ನೋಡಬೇಕಲ್ಲ, ಆ ದಿನ ಅದು. "ಆವತ್ತು ಮಾತ್ರ ನನಗೆ ಕಾಫಿ ಇಲ್ಲ ಕಣೆ" ಅಂತ ನಗುತ್ತಾ ನನ್ನ ತಟ್ಟೆಗೆ ಇನ್ನರ್ಧ ಮುದ್ದೆ ಹಾಕಿ, ತಮ್ಮ ತಟ್ಟೆಯನ್ನೂ ಎಳೆದುಕೊಂಡು ಪಕ್ಕದಲ್ಲೇ ಕೂತರು.